ವಸ್ತಾದರ ಬೆಳ್ಳಿ ಗದೆ

ನಮ್ಮ ಪಕ್ಕದ ಮನೆಯ ವಸ್ತಾದರ ಎಡಗಿವಿ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಸುಕ್ಕುಗಟ್ಟಿ ತಲೆಗೆ ಅಂಟಿಕೊಂಡಿತ್ತು. ಕನ್ನಡಕದ ಕಡ್ಡಿ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಲಗಡೆ ಕಡ್ಡಿ, ಎಡಗಡೆ ದಾರ. ಕುಸ್ತಿ ಆಡುವವರ ಕಿವಿ ಎದುರಾಳಿಯ ತೋಳಿಗೆ ತಿಕ್ಕಿ ತಿಕ್ಕಿ ಹಾಗಾಗುತ್ತದಂತೆ. ಓಣಿಯ ಮಕ್ಕಳು ಆ ಕಿವಿಗೆ ಹೆದರುತ್ತಿದ್ದವು. ಅವರೋ, ಬೆಕ್ಕಿಗೂ ಜೋರು ಮಾಡಿದವರಲ್ಲ.

ಅವರು ಕುಸ್ತಿ ಕಲಿಸುವ ಗರಡಿಮನೆಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ. ಹೆಂಗಸರು ಒಳಗೆ ಕಾಲಿಡುವಂತಿಲ್ಲ. ಆದರೆ ಕಣದ ಕೆಂಪು ಮಣ್ಣು ಹದ ಮಾಡಲು ಸುರಿಯುವ ಮಜ್ಜಿಗೆ ನನ್ನ ಮನೆಯದು. ಗೋಡೆಯ ಮೇಲೆ ತಂಬಿಗೆ ಇಟ್ಟು ಒಂದು ಸಲ ಕೇಳಿದೆ:

"ಮಜ್ಜಿಗಿ ನಡೀತೈತಿ, ಮಜ್ಜಿಗಿ ಕಡೆದಾಕಿ ನಡಿಯಂಗಿಲ್ಲೇನು?"

"ನೀವು ಒಳಗ ಬಂದ್ರ ನಾವು ಹೊರಗ ಹೋಗಬೇಕಾಕೈತ್ರಿ ಅಕ್ಕಾರ. ನಿಮ್ಮ ಬಾಯಿ ಮುಂದ ಯಾವ ಪೈಲ್ವಾನ ನಿಂದರತಾನ?" ಎಂದರು.

ಎಂಬತ್ತನೇ ಇಸವಿ ದಾಟಿ ಒಂದೆರಡು ವರ್ಷಕ್ಕೆ ಹಾವೇರಿಯಲ್ಲಿ, ಗೆದ್ದವರಿಗೆ ಬೆಳ್ಳಿ ಗದೆ ಕೊಡುವ ಕುಸ್ತಿ ಆಯಿತು. ವಸ್ತಾದರ ಎದುರಾಳಿ ರಾಣೆಬೆನ್ನೂರಿನ ಪೈಲ್ವಾನ. ಇಬ್ಬರೂ ಮೊದಲು ಎರಡು ಸಲ ಸೆಣಸಿ ಸಮನಾಗಿ ಬಿಟ್ಟಿದ್ದರು. ಮೂರನೆಯ ಸಲ ನಮ್ಮವರು ಅವನ ಸೊಂಟ ಹಿಡಿದು ಎತ್ತಿ ಚಿತ್ ಮಾಡಿದರು. ಬ್ಯಾಡಗಿಯ ತುಂಬ ಲಾರಿಯಲ್ಲಿ ಮೆರವಣಿಗೆ, ಹಲಗೆ, ಗುಲಾಲು. ಗೆದ್ದಾಗಲೇ ಬಿಡಬೇಕು ಎಂದು ಅವರು ಮತ್ತೆ ಕಣಕ್ಕೆ ಇಳಿಯಲಿಲ್ಲ. ಮೂವತ್ತಕ್ಕೇ ಆಟ ಬಿಟ್ಟು ಹುಡುಗರಿಗೆ ಕಲಿಸಲು ನಿಂತರು. "ಅವನ್ನ ಹೂವಿನಂಗ ಎತ್ತಿದ್ದೆ" ಎನ್ನುವುದು ಅವರ ಮಾತು. ಹೊಸ ಹುಡುಗ ಸೇರಿದಾಗ ಒಮ್ಮೆ, ಬೀಗರು ಬಂದಾಗ ಒಮ್ಮೆ. ಬೇರೆ ಜಂಬ ಅವರಿಗೆ ಇರಲಿಲ್ಲ. ಹಾಗೆ ಎತ್ತಿದ ಆ ಒಂದು ಗಳಿಗೆಯ ಮೇಲೆ ಅವರ ಬದುಕು ನಿಂತಿತ್ತು.

ನನ್ನ ಗಂಡ ತೀರಿಕೊಂಡು ಐದಾರು ವರ್ಷದ ಮೇಲೆ ನಮ್ಮ ಓಣಿಗೆ ಕೇಬಲ್ ತಂತಿ ಬಂತು. ಟೀವಿ ಇದ್ದದ್ದು ನನ್ನ ಮನೆಯಲ್ಲಿ. ಅದರಲ್ಲಿ ಪರದೇಶದ ಕುಸ್ತಿ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ವಸ್ತಾದರು ಬಂದು, ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡ. ಕುಸ್ತಿಯನ್ನು ನೆಲಕ್ಕೆ ಕೂತೇ ನೋಡಬೇಕಂತೆ. ಕೆಂಪು ಚಡ್ಡಿಯವನಿಗೂ ಮುಖಕ್ಕೆ ಬಣ್ಣ ಬಳಿದವನಿಗೂ ಬಂಗಾರದ ಪಟ್ಟಾಕ್ಕಾಗಿ ತಿಂಗಳುಗಟ್ಟಲೆ ಹಗೆ. ಅದೆಲ್ಲ ಖರೇ ಎಂದು ಅವರು ನಂಬಿದ್ದರು. ಮಣ್ಣಿನಲ್ಲಿ ಬೆಳೆದವರು, ಅಷ್ಟು ದೊಡ್ಡ ಮೈಯವರು ಸುಳ್ಳು ಕುಸ್ತಿ ಆಡಿಯಾರು ಎಂದು ಅವರಿಗೆ ಹೊಳೆಯಲೇ ಇಲ್ಲ.

"ತೀರ್ಪು ಹೇಳೂ ಆ ಪಂಚಗ ಕಣ್ಣಿಲ್ಲೇನ್ರಿ ಅಕ್ಕಾರ? ಹಿಂದಿಂದ ಕುರ್ಚಿಲೆ ಹೊಡದಾನ, ಇವ ಅತ್ತಾಗ ನೋಡಾಕತ್ಯಾನ."

"ಅತ್ತಾಗ ನೋಡಾಕನ ಅವಗ ಪಗಾರ ಕೊಡತಾರ" ಎಂದೆ. ಅವರು ನಗಲಿಲ್ಲ.

ಒಂದು ಭಾನುವಾರ ಬಣ್ಣದವನು ಕೆಂಪು ಚಡ್ಡಿಯವನ ಸೊಂಟ ಹಿಡಿದು ಮೇಲೆತ್ತಿ ಒಗೆದ. ವಸ್ತಾದರು ಮುಂದೆ ಬಾಗಿದರು. ಟೀವಿಯವರು ಅದನ್ನೇ ಮತ್ತೆ ನಿಧಾನವಾಗಿ ತೋರಿಸಿದರು.

"ಅವ ತಾನ ಜಿಗಿದ ನೋಡ್ರಿ" ಎಂದರು ವಸ್ತಾದರು. "ಒಲ್ಲದವನ ಮೈ ಮಣಭಾರ ಇರತೈತ್ರಿ. ಎಂಥಾವ ಎತ್ತಿದರೂ ಎತ್ತಿದವನ ಸೊಂಟ ಹಿಡೀತೈತಿ. ತಾನ ಕಾಲು ಒದ್ದು ಎದ್ದಂವ ಅಷ್ಟ ಹಗೂರ ಬರತಾನ."

ಆಮೇಲೆ ಕುಸ್ತಿ ಮುಗಿಯುವವರೆಗೂ ಅವರು ತಮ್ಮ ಎರಡು ಅಂಗೈ ನೋಡುತ್ತ ಕೂತಿದ್ದರು. ಎದ್ದು ಹೋಗುವಾಗ ಕೇಳಿದರು:

"ಹಾವೇರ್ಯಾಗ ಅವ ಹಗೂರ ಬಂದಿದ್ದ ಅಕ್ಕಾರ. ನನ್ನ ಕಸುವು ಅಂತ ತಿಳಕೊಂಡಿದ್ದೆ. ನಿಮ್ಮ ಮನಿ ಅಣ್ಣಾರು ಕುಸ್ತಿ ಕಮಿಟಿಯೊಳಗ ಇದ್ರಲ್ಲ, ನಿಮ್ಮ ಮುಂದ ಏನರ ಅಂದಿದ್ರೇನು?"

"ನಾ ಒಲಿ ಮುಂದಿನಾಕಿ. ನನಗೇನ ಗೊತ್ತು?" ಎಂದೆ.

ಗೊತ್ತಿತ್ತು. ಕುಸ್ತಿಗೆ ಎಂಟು ದಿನ ಮೊದಲು ಆ ರಾಣೆಬೆನ್ನೂರಿನವನು ನಮ್ಮ ಮನೆಯಲ್ಲೇ ಉಂಡಿದ್ದ. ರೊಟ್ಟಿ ಬಡಿಯುತ್ತ ನಾನು ಎಲ್ಲ ಕೇಳಿದ್ದೆ. ಎರಡು ಸಲ ಸಮ ಆಗಿದೆ, ಮೂರನೆಯ ಸಲ ನಮ್ಮವರು ಸೋತರೆ ಬ್ಯಾಡಗಿ ಪೇಟೆಯ ಮಾನ ಹೋಗುತ್ತದೆ ಎಂದು ನನ್ನ ಗಂಡ ಅವನಿಗೆ ಹೇಳಿದ. ಆ ಪೈಲ್ವಾನನ ಮನೆಯಲ್ಲಿ ಹಾಲಿಗೆ ಗತಿ ಇರಲಿಲ್ಲ, ಹೊಸದಾಗಿ ಮದುವೆ ಬೇರೆ. ಕುಸ್ತಿ ಆದ ಮುಂದಿನ ವಾರ ನಾನು ಎರಡು ಹೊತ್ತು ಕರೆಯುತ್ತಿದ್ದ ಎಮ್ಮೆ ಕೊಟ್ಟಿಗೆಯಲ್ಲಿ ಇರಲಿಲ್ಲ. "ಮಾರಿದೆ" ಎಂದ ಗಂಡ. ಯಾರಿಗೆ ಎಂದು ನಾನು ಕೇಳಲಿಲ್ಲ.

ಹದಿನೈದು ದಿನ ವಸ್ತಾದರು ಸರಿಯಾಗಿ ಉಣ್ಣಲಿಲ್ಲ ಎಂದು ಅವರ ಹೆಂಡತಿ ಹೇಳಿದಳು. ಕೊನೆಗೆ ರಾಣೆಬೆನ್ನೂರಿಗೆ ಹೋಗಿ ಅವನನ್ನೇ ಕೇಳುತ್ತೇನೆ ಎಂದು ಹೊರಟರು. ನನ್ನ ಮಗಳನ್ನು ಆ ಊರಿಗೆ ಕೊಟ್ಟಿದ್ದೆ. ನಾನೂ ಬಸ್ಸು ಹತ್ತಿದೆ. ಮಗಳನ್ನು ನೋಡಲು ಎಂದು ಬಾಯಲ್ಲಿ ಹೇಳಿದೆ. ಖರೇ ಹೇಳಬೇಕೆಂದರೆ ಅವನು ಏನು ಹೇಳಿಬಿಡುತ್ತಾನೋ ಎಂಬ ಹೆದರಿಕೆ.

ಆ ಪೈಲ್ವಾನ ಸ್ಟೇಷನ್ನಿನ ಹತ್ತಿರ ಹಿಟ್ಟಿನ ಗಿರಣಿ ಇಟ್ಟಿದ್ದ. ಅವನ ಕಿವಿಯೂ ಹಾಗೇ ಮುರುಟಿತ್ತು, ಮಡಿಕೆಗಳಲ್ಲಿ ಹಿಟ್ಟು ತುಂಬಿತ್ತು.

"ಬಾ ದೋಸ್ತ. ಯಾಕ, ಗದಿ ಭಾರ ಆತೇನು?" ಎಂದು ನಕ್ಕ.

"ಅವತ್ತ ನಾ ಎತ್ತಿದ್ನೋ, ನೀ ಜಿಗಿದ್ಯೋ? ಅಷ್ಟ ಹೇಳು."

ಅವನ ನಗೆ ನಿಂತಿತು. ನನ್ನ ಕಡೆ ಒಮ್ಮೆ ನೋಡಿದ. ಗಿರಣಿಯ ಪಟ್ಟಾ ಬಿಚ್ಚಿ ಸದ್ದು ನಿಲ್ಲಿಸಿ ಹೇಳಿದ: "ಬೀಸಿದ ಹಿಟ್ಟು ಮತ್ತ ಕಾಳ ಆಕೈತೇನು? ಗದಿ ನಿನ್ನ ಮನ್ಯಾಗ ಐತಿ. ಬಿಡು."

ಅಷ್ಟಕ್ಕೇ ಮುಗಿದಿದ್ದರೆ ವಸ್ತಾದರು ಅರೆ ನಂಬಿಕೆಯಲ್ಲಾದರೂ ತಿರುಗಿ ಬರುತ್ತಿದ್ದರು. ಹಿಂದಿನ ಮನೆಯಿಂದ ಅವನ ಹೆಂಡತಿ ಚಹಾ ತಂದಳು. ಪಾಪ, ಅವಳಿಗೆ ಏನೂ ತಿಳಿಯದು.

"ಹಾಲು ಮನೀದ ಐತ್ರಿ, ಕುಡೀರಿ. ಈ ಎಮ್ಮೀನ ಹಡದದ್ದು ನಿಮ್ಮ ಬ್ಯಾಡಗಿ ಎಮ್ಮಿ. ಹಾವೇರಿ ಕುಸ್ತಿ ಆದ ಮುಂದಿನ ವಾರ ಯಾರೋ ಸಾವಕಾರ್ರು ಬಂದು ಕಟ್ಟಿ ಹೋದ್ರು. ಸೋತವ್ರಿಗೆ ಎಮ್ಮಿ ಕೊಡೂ ಪದ್ಧತಿ ಐತೇನ್ರಿ ನಿಮ್ಮ ಕಡಿಗೆ?"

ವಸ್ತಾದರಿಗೆ ನನ್ನ ಎಮ್ಮೆ ಗೊತ್ತಿತ್ತು. ಅದು ಹೋದ ಮೇಲೆ ಆರು ತಿಂಗಳು ಗರಡಿಯ ಮಣ್ಣಿಗೆ ಮಜ್ಜಿಗೆ ಸಿಕ್ಕಿರಲಿಲ್ಲ. ಚಹಾದ ಬಶಿ ಕೆಳಗಿಟ್ಟರು. ಕೈ ಮುಗಿದರು, ಅವಳಿಗೂ, ಅವನಿಗೂ. ನನಗೆ ಮುಗಿಯಲಿಲ್ಲ.

ನಾನು ಮಗಳ ಮನೆಗೆ ಹೋಗಲಿಲ್ಲ. ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ಅವರು ಬಾಯಿ ಬಿಟ್ಟರು.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಅವತ್ತ ಹೇಳಿದ್ರ ಇನ್ನೊಮ್ಮೆ ಆಡತಿದ್ದೆ. ಮೈಯಾಗ ಕಸುವಿತ್ತು. ಸೋತಿದ್ರೂ ಆ ಸೋಲು ನಂದಾಗಿರತಿತ್ತು."

"ಗಂಡಗ ಎದುರ ಮಾತಾಡೂ ಕಾಲ ಅಲ್ಲ ಅದು."

"ಅಣ್ಣಾರು ಹೋಗಿ ಆರ ವರ್ಷ ಆತಲ್ರಿ ಅಕ್ಕಾರ. ಹದಿನೈದ ದಿನದ ಹಿಂದ ಕೇಳಿದ್ನಲ್ಲ."

ಬ್ಯಾಡಗಿಯಲ್ಲಿ ನಾನು ಅವರಿಗಿಂತ ಮೊದಲೇ ಇಳಿದು ಮನೆ ಕಡೆ ನಡೆದೆ.

ಅವರು ಗರಡಿ ಮುಚ್ಚಲಿಲ್ಲ. ಎಲ್ಲ ಪಟ್ಟೂ ಕಲಿಸಿದರು, ಸೊಂಟ ಹಿಡಿದು ಎತ್ತುವುದೊಂದನ್ನು ಬಿಟ್ಟು. ಹುಡುಗರು ಕೇಳಿದರೆ "ಅದು ನನಗ ಬರಂಗಿಲ್ಲ" ಎನ್ನುತ್ತಿದ್ದರು. ವಸ್ತಾದರು ವಿನಯಕ್ಕೆ ಹಾಗೆನ್ನುತ್ತಾರೆ ಎಂದು ಹುಡುಗರು ಹೊಗಳುತ್ತಿದ್ದರು. ಗದೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಟೀವಿ ನೋಡಲು ಮತ್ತೆ ನನ್ನ ಮನೆಗೆ ಬರಲಿಲ್ಲ. ನನ್ನ ಸುಳ್ಳನ್ನು ಮಾತ್ರ ಯಾರ ಮುಂದೂ ಆಡಲಿಲ್ಲ, ಹೆಂಡತಿಯ ಮುಂದೆ ಸಹ.

ನಾಲ್ಕು ವರ್ಷದ ಮೇಲೆ ಕಾಮಾಲೆ ಅವರನ್ನು ಹಿಡಿಯಿತು. ಅಷ್ಟು ದೊಡ್ಡ ಮೈ ಹಗ್ಗದ ಮಂಚದಲ್ಲಿ ಇಳಿದುಹೋಗಿತ್ತು. ನೋಡಲು ಹೋದಾಗ ಹೆಂಡತಿಯನ್ನು ನೀರಿಗೆ ಕಳಿಸಿ ನನಗೆ ಹೇಳಿದರು: "ನಾ ಹ್ವಾದ ಮ್ಯಾಲ ಹುಡುಗರಿಗೆ ಹೇಳಿಬಿಡ್ರಿ. ಹೇಳಬೇಕಂತ ದಿನಾ ಹೋಗತಿದ್ದೆ, ಬಾಯಿ ಬರತಿದ್ದಿಲ್ಲ. ಅವರು ಆ ಗದಿಗೆ ಕೈ ಮುಗಿಯೂದು ಬ್ಯಾಡ."

ಅವರು ತೀರಿಕೊಂಡು ಮಣ್ಣಾದ ಮೂರನೆಯ ದಿನ ಗರಡಿಯ ಹೊಸ್ತಿಲ ಹೊರಗೆ ನಿಂತು ಎಲ್ಲ ಹೇಳಿದೆ. ನನ್ನ ಗಂಡನ ಹೆಸರು ಹಿಡಿದು ಹೇಳಿದೆ. ಎಮ್ಮೆಯನ್ನೂ ಬಿಡಲಿಲ್ಲ. ಹುಡುಗರು ಕೇಳಿದರು. ಹಿರಿಯ ಶಿಷ್ಯ ಬಂದು ನನ್ನ ರಟ್ಟೆ ಹಿಡಿದ.

"ಬಿಸಲಾಗ ನಿಂತೀರಿ ಅಜ್ಜಿ. ಮನಿಗೆ ನಡೀರಿ."

ಹಿಂದಿನಿಂದ ಒಬ್ಬ ಅಂದ: "ಟೀವಿ ಕುಸ್ತಿ ನೋಡಿ ನೋಡಿ ಮುದುಕಿಗೆ ಎಲ್ಲಾ ನಾಟಕ ಅನಸಾಕತ್ತೈತಿ."

ಅದೇ ವಾರ ಅಟ್ಟದಿಂದ ಗದೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಅವರ ಫೋಟೋದ ಕೆಳಗೆ ನಿಲ್ಲಿಸಿದರು. ಪ್ರತಿ ನಾಗರಪಂಚಮಿಗೆ ಅದಕ್ಕೆ ಹಾಲು ಎರೆಯುತ್ತಾರೆ. ವಸ್ತಾದರು ಕೇಳಿದಾಗ ನಾನು ಹೇಳಲಿಲ್ಲ. ನಾನು ಹೇಳಿದಾಗ ಯಾರೂ ನಂಬಲಿಲ್ಲ.