ಎರಡು ಮನೆ ಆಚೆಯ ಸಿಸ್ಟರ್

ಸಿಸ್ಟರ್‌ಗೆ ಉದ್ದನೆಯ, ತುದಿಯಲ್ಲಿ ಕೊಂಚ ಬಲಕ್ಕೆ ವಾಲಿದ ಮೂಗು. ಕನ್ನಡಕ ಕೂತು ಕೂತು ಅದರ ಎರಡೂ ಪಕ್ಕ ಕೆಂಪು ಗುಳಿ ಬಿದ್ದಿದ್ದವು. ನಮ್ಮ ಅಡುಗೆಮನೆಯ ಹಿಂಬಾಗಿಲು ತೆರೆದು ಒಳಗೆ ಕಾಲಿಡುವ ಮೊದಲು ಆ ಮೂಗು ಒಂದು ಸಲ ಅರಳುತ್ತಿತ್ತು. "ಎಂತ ಮಾರಾಯ್ತಿ, ಇವತ್ತೂ ಸಾಸಿವೆ ಸೀಯಿಸಿದ್ಯಾ?" ಇಲ್ಲವೆಂದರೆ ನಂಬುತ್ತಿರಲಿಲ್ಲ. ಮೂವತ್ತು ವರ್ಷ ಲಂಡನ್ನಿನ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವರು ಅವರು.

ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ನಿವೃತ್ತರಾಗಿ, ಗಂಡನನ್ನೂ ಕಳೆದುಕೊಂಡು ಲಂಡನ್ನಿನ ಅಂಚಿನ ಕ್ವೀನ್ಸ್‌ಬರಿಯಲ್ಲಿ ನಮ್ಮಿಂದ ಎರಡು ಮನೆ ಆಚೆ ಒಬ್ಬರೇ ಇದ್ದರು. ವಾರ್ಡು ನೋಡಿಕೊಳ್ಳುವ ಹಿರಿಯ ನರ್ಸನ್ನು ಇಲ್ಲಿ ಸಿಸ್ಟರ್ ಎನ್ನುತ್ತಾರೆ. ಧಾರವಾಡದ ಕಾನ್ವೆಂಟಿನಲ್ಲಿ ಓದಿದ ನನಗೆ ಮಾತ್ರ ಆ ಪದ ಕೇಳಿದೊಡನೆ ಬಿಳಿ ನಿಲುವಂಗಿ, ಕೈಯಲ್ಲಿ ಅಡಿಪಟ್ಟಿ ಕಾಣುತ್ತಿತ್ತು. ಅವರು ಬಂದರೆ ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. "ಎಲ್ಲ ಹೇಗುಂಟು?" ಎಂದರೆ ಕ್ಲಾಸಿನಲ್ಲಿ ನಿಂತವಳಂತೆ ಒಂದೇ ಉಸಿರಿಗೆ, "ಎಲ್ಲಾ ಛಲೋ ಅದ ಸಿಸ್ಟರ್" ಎನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಆ ಚಳಿಗಾಲದಲ್ಲಿ ಏನೂ ಛಲೋ ಇರಲಿಲ್ಲ. ಹದಿನಾಲ್ಕರ ಮಗಳು ಶಾಲೆಯಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಲೆನೋವು ಎನ್ನುತ್ತಿದ್ದಳು. ತುಟಿಯ ಸುತ್ತ ಸಣ್ಣ ಕೆಂಪು ಗುಳ್ಳೆ ಎದ್ದಿದ್ದವು. ಕೊಬ್ಬರಿ ಎಣ್ಣೆ ಹಚ್ಚಿದೆ. ದೃಷ್ಟಿಯಾಗಿರಬೇಕೆಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಸ್ಮೋಕ್ ಅಲಾರ್ಮ್ ಬೀದಿಗೆಲ್ಲ ಕೇಳುವಂತೆ ಅರಚಿಕೊಂಡಿತು. ಮೆಟ್ಟಿಲ ಕೆಳಗೆ ನಿಂತು ಮೇಲಿನ ಸದ್ದಿಗೆ ಕಿವಿ ಕೊಡುವುದೇ ನನ್ನ ಕೆಲಸವಾಯಿತು. ಸಿಗರೇಟು, ಕುಡಿತ ಇರಬಹುದೇ ಎಂದು ಒಂದು ದಿನ ಅವಳ ಕೋಟು ಮೂಸಿ ನೋಡಿದೆ. ಹೂವಿನ ಪರಿಮಳವೇ ಹೊರತು ಬೇರೇನಿಲ್ಲ. ಅಂದು ಸಮಾಧಾನದಿಂದ ಅತ್ತುಬಿಟ್ಟಿದ್ದೆ.

ಕ್ರಿಸ್‌ಮಸ್ಸಿಗೆ ಸಿಸ್ಟರ್ ತಿಂಡಿಯ ತಟ್ಟೆ ಹಿಡಿದು ಬಂದಾಗ ನಾನು ಸೂಪರ್‌ಮಾರ್ಕೆಟ್ಟಿನ ಚೀಲ ಖಾಲಿ ಮಾಡುತ್ತಿದ್ದೆ. ಮೇಜಿನ ಮೇಲೆ ಮೂರು ಬಾಡಿ ಸ್ಪ್ರೇ ಡಬ್ಬಿಗಳಿದ್ದವು.

"ಇಷ್ಟು ಯಾರಿಗೆ?"

"ಮಗಳಿಗೆ, ಸಿಸ್ಟರ್. ಭಾಳ ಸ್ವಚ್ಛ ಹುಡುಗಿ ಅಕಿ. ಪ್ರತಿವಾರ ನಾನೇ ತಂದು ಕೊಡ್ತೀನಿ."

"ವಾರಕ್ಕೆ ಮೂರಾ? ಅವಳೆಂತ ಆನೆಯಾ?"

ನಾನು ನಕ್ಕೆ. ಅವರು ನಗಲಿಲ್ಲ. ತಟ್ಟೆ ಕೆಳಗಿಟ್ಟು ಕುಳಿತರು. "ಮೈಗಲ್ಲ ಅದು. ಅಮಲಿಗೆ ಅಂತ ಮಕ್ಕಳು ಆ ಗ್ಯಾಸ್ ಎಳೀತಾರೆ. ವಾರ್ಡಲ್ಲಿ ನೋಡಿದ್ದೇನೆ ನಾನು. ಬಾಯಿ ಹತ್ರ ಗುಳ್ಳೆ ಉಂಟಾ?"

"ಇಲ್ಲ ಸಿಸ್ಟರ್. ಎಲ್ಲಾ ಛಲೋ ಅದ."

"ನಾನು ನಿನ್ನ ಶಾಲೆಯ ಸಿಸ್ಟರ್ ಅಲ್ಲ ಮಾರಾಯ್ತಿ, ಬೆಡ್‌ಪ್ಯಾನ್ ತೊಳೆದ ಸಿಸ್ಟರ್. ನನ್ನತ್ರ ಮಾರ್ಕ್ಸ್ ಎಲ್ಲ ಇಲ್ಲ. ಉಂಟಾ, ಇಲ್ವಾ?"

"ಅದ," ಎಂದೆ. ನನ್ನ ಕೈ ಇನ್ನೂ ಒಂದು ಡಬ್ಬಿಯ ಮೇಲಿತ್ತು. ಇಷ್ಟು ದಿನ ಅದನ್ನು ಆರಿಸಿ, ಪರಿಮಳ ನೋಡಿ, ಮಡಿಚಿದ ಬಟ್ಟೆಯ ಜೊತೆ ಅವಳ ಹಾಸಿಗೆಯ ಮೇಲಿಟ್ಟವಳು ನಾನೇ.

ಆ ದಿನ ಸಿಸ್ಟರ್ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಒಂದೇ ಸಲ ಎಳೆದವರೂ ಸಾಯ್ತಾರೆ, ಅದಕ್ಕೇ ಹೇಳುದು. ಅಮಲಲ್ಲಿರುವಾಗ ಸಿಕ್ಕಿದ್ರೆ ಕಿರುಚಬೇಡ, ಅಟ್ಟಿಸ್ಕೊಂಡು ಹೋಗ್ಬೇಡ. ಗಾಬರಿ ಬಿದ್ರೆ ಹೃದಯ ನಿಂತು ಹೋಗಬಹುದು. ಕಿಟಕಿ ತೆಗಿ, ಮೆತ್ತಗೆ ಮಾತಾಡು. ಎಚ್ಚರ ತಪ್ಪಿದ್ರೆ ಆಂಬುಲೆನ್ಸ್. ಬೈಗುಳ ಎಲ್ಲ ನಾಳೆಗೆ ಇಟ್ಕೋ."

ನನ್ನ ಯಜಮಾನರು ಸಂಜೆ ಕೆಲಸದಿಂದ ಬಂದವರು ಕೋಟನ್ನೂ ತೆಗೆಯದೆ ಕೇಳಿಸಿಕೊಂಡರು. "ನಮ್ಮ ಮಂದ್ಯಾಗ ಇಂಥಾವೆಲ್ಲ ಇಲ್ರಿ ಸಿಸ್ಟರ್. ಧಾರವಾಡಕ್ಕ ಕಳಿಸಿಬಿಡ್ತೀನಿ, ಅವರಜ್ಜಿ ಕಡೆ."

"ಅಲ್ಲಿ ಅಂಗಡಿ ಇಲ್ವಾ ಮಾರಾಯ್ರೆ? ಇಲ್ಲಿ ಅಮ್ಮ ತಂದು ಕೊಟ್ಟದ್ದು, ಅಲ್ಲಿ ಅಜ್ಜಿ ತಂದು ಕೊಡುದಾ?"

ಆ ಮಾತು ನನಗೆ ತಾಗಿತು. ತಾಗಲೆಂದೇ ಆಡಿದ್ದರು. ಯಜಮಾನರು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, "ಮತ್ತ ಏನ್ ಮಾಡೂಣ್ರಿ?" ಎಂದರು.

"ನಾಳೆ ಮೂವರೂ ಜಿಪಿ ಡಾಕ್ಟ್ರ ಹತ್ರ ಹೋಗಿ. ಯಾರು ಕಲಿಸಿದ್ದು ಅಂತ ಮಾತ್ರ ಕೇಳ್ಬೇಡಿ, ಬಾಯಿ ಮುಚ್ಚಿಬಿಡ್ತಾಳೆ." ನನ್ನ ಕಡೆ ತಿರುಗಿದರು. "ನೀನು ಪಾತ್ರೆ ತೊಳೆಯುವಾಗ ಅವಳನ್ನು ಪಕ್ಕದಲ್ಲಿ ನಿಲ್ಲಿಸ್ಕೋ. ಮುಖ ನೋಡ್ಬೇಡ, ಪಾತ್ರೆ ನೋಡು."

ಡಾಕ್ಟರು ಚಟ ಬಿಡಿಸುವ ಕ್ಲಿನಿಕ್ಕಿಗೆ ಬರೆದುಕೊಟ್ಟರು, ಸರದಿ ಬರಬೇಕಿತ್ತು. ನಾನು ಮನೆಯ ಹೇರ್ ಸ್ಪ್ರೇ, ಪಾಲಿಶ್, ಎಲ್ಲವನ್ನೂ ಹೊರಹಾಕಿದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತೆ. ಮಗಳು ಒರೆಸುತ್ತಿದ್ದಳು. "ಏನಾರ ಹೇಳೂದದ ಏನು ಪುಟ್ಟಿ?" ಎಂದರೆ, "ಐಯಾಮ್ ಫೈನ್, ಅಮ್ಮಾ." ನಾನು ಸಿಸ್ಟರ್‌ಗೆ ಹೇಳುತ್ತಿದ್ದ ಮಾತೇ, ಇಂಗ್ಲಿಷಿನಲ್ಲಿ.

ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಬಚ್ಚಲಮನೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಟಬ್ಬಿಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ನಾನು ತರದೇ ಇದ್ದ ಒಂದು ಡಬ್ಬಿ. ಕಣ್ಣು ನನ್ನನ್ನು ಬಹಳ ದೂರದಿಂದ ನೋಡುತ್ತಿತ್ತು. ನನ್ನ ಗಂಟಲ ತನಕ ಬಂದ ಚೀರಾಟ ಅಲ್ಲಿಯೇ ನಿಂತಿತು. "ಪುಟ್ಟಿ, ಕಿಟಕಿ ತೆಗೀತೀನಿ, ಸ್ವಲ್ಪ ಥಂಡಿ ಬರ್ತದ ನೋಡು" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಡಬ್ಬಿಯನ್ನು ಮೆಲ್ಲಗೆ ಹೊರಗಿಟ್ಟು, ಬಾಗಿಲಾಚೆಯ ಫೋನಿನಿಂದ ಸಿಸ್ಟರ್‌ಗೆ ಒಂದೇ ಮಾತು ಹೇಳಿ, ಬಂದು ಒದ್ದೆ ಮ್ಯಾಟಿನ ಮೇಲೆ ಕುಳಿತೆ. ಬಾಯಿಗೆ ಬಂದದ್ದು ಮಾತಾಡಿದೆ: ನನ್ನ ಶಾಲೆಯ ನೀಲಿ ರಿಬ್ಬನ್ನು, ರಿಬ್ಬನ್ನು ಕಳೆದದ್ದಕ್ಕೆ ನಾನು ಹೇಳಿದ ಸುಳ್ಳು.

ಸಿಸ್ಟರ್ ಏಪ್ರನ್ನಿನಲ್ಲೇ, ಮನೆಯ ಚಪ್ಪಲಿಯಲ್ಲೇ ಬಂದರು. ಮಂಡಿನೋವಿನವರು ನೆಲದ ಮೇಲೆ ಕೂತು ಅವಳ ಮಣಿಕಟ್ಟು ಹಿಡಿದರು. "ಇವತ್ತು ಯಾವ ವಾರ, ಡಾರ್ಲಿಂಗ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಥರ್ಸ್‌ಡೇ."

ಆಮೇಲೆ ವಾಂತಿ ಮಾಡಿಕೊಂಡಳು, ಅತ್ತಳು. "ಅಮ್ಮಾ, ಬೈಬ್ಯಾಡ" ಎಂದಳು, ಕನ್ನಡದಲ್ಲಿ.

"ಇವತ್ತು ಬೈಯುದಿಲ್ಲ ಅವಳು," ಎಂದರು ಸಿಸ್ಟರ್. "ನಾಳೆ ಉಂಟು ನಿಂಗೆ."

ಆ ನಾಳೆ ಬರಲೇ ಇಲ್ಲ.

ಹಾಗೆಂದು ಎಲ್ಲವೂ ನೆಟ್ಟಗಾಗಲಿಲ್ಲ. ಕ್ಲಿನಿಕ್ಕಿಗೆ ಹೋದಳು, ಎರಡು ಸಲ ಮತ್ತೆ ಜಾರಿದಳು. ಪ್ರತಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಸಿಸ್ಟರ್ ಮನೆಗೆ ಹೋಗಿ ಬರುತ್ತಿದ್ದಳು. ಏನು ಮಾತಾಡಿದಿರಿ ಎಂದು ನಾನು ಸಿಸ್ಟರನ್ನು ಕಾಡುತ್ತಿದ್ದೆ. "ಬಟಾಟೆ ಸಿಪ್ಪೆ ತೆಗೆದೆವು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಲಿಲ್ಲ.

ಒಂದು ಯುಗಾದಿಗೆ ಸ್ಟ್ಯಾನ್ಮೋರಿನ ದೊಡ್ಡ ಮನೆಯೊಂದರಲ್ಲಿ ಕನ್ನಡದ ಹೆಂಗಸರೆಲ್ಲ ಸೇರಿದ್ದೆವು. ಸಿಸ್ಟರ್ ಈ ಡಬ್ಬಿಗಳ ವಿಷಯ ಎತ್ತಿದರು. "ಅಯ್ಯೋ, ನಮ್ಮ ಮಕ್ಕಳು ಅಂಥವರಲ್ಲ ಬಿಡಿ ಸಿಸ್ಟರ್" ಎಂದರು ಮನೆಯಾಕೆ. ಕೆಲವರು ನಕ್ಕರು. ಸಿಸ್ಟರ್ ಒಮ್ಮೆ ನನ್ನ ಕಡೆ ನೋಡಿದರು. ನಾನು ಹೋಳಿಗೆಯ ಮೇಲೆ ತುಪ್ಪ ಸವರುತ್ತ ಕುಳಿತೆ. ವಾಪಸು ಬರುವಾಗ ಕಾರಿನಲ್ಲಿ ಅವರು ಆ ಮಾತೆತ್ತಲಿಲ್ಲ. ಹೋಳಿಗೆ ಚೆನ್ನಾಗಿತ್ತು ಎಂದರು. ಅಂದು ನುಂಗಿದ ಮಾತನ್ನು ಆಮೇಲೆ ಎಷ್ಟೋ ತಾಯಂದಿರಿಗೆ ಒಬ್ಬೊಬ್ಬರಾಗಿ ಹೇಳಿದ್ದೇನೆ. ಆ ಕೋಣೆಯಲ್ಲಿ ಕುಳಿತಿದ್ದವರಿಗೆ ಅಂದೇ ಹೇಳಬೇಕಿತ್ತು.

ಸಿಸ್ಟರ್ ತೀರಿಕೊಂಡಾಗ ಮಗಳಿಗೆ ಇಪ್ಪತ್ಮೂರು. ಅಂತ್ಯಕ್ರಿಯೆಯ ದಿನ ಕೆಲಸಕ್ಕೆ ರಜೆ ಹಾಕಿ ನನ್ನೊಡನೆ ಚರ್ಚಿಗೆ ಬಂದಳು. ಅರ್ಥವಾಗದ ಕೊಂಕಣಿ ಪ್ರಾರ್ಥನೆಯ ಉದ್ದಕ್ಕೂ ತಲೆ ಬಗ್ಗಿಸಿ ನಿಂತಿದ್ದಳು. ವಾಪಸು ಬರುವಾಗ ಬಸ್ಸಿನ ಮೇಲಂತಸ್ತಿನಲ್ಲಿ ಪಕ್ಕಪಕ್ಕ ಕುಳಿತೆವು.

"ಆ ಶನಿವಾರಗಳಲ್ಲಿ ನಾನು ಅವರಿಗೆ ಒಂದು ವಿಷಯ ಹೇಳಿದ್ದೆ, ಅಮ್ಮಾ," ಎಂದಳು ಇಂಗ್ಲಿಷಿನಲ್ಲಿ. "ಅದೆಲ್ಲ ಯಾಕೆ ಶುರುವಾಯಿತು ಅಂತ. ನಿನಗೆ ಹೇಳಬೇಡಿ ಅಂದಿದ್ದೆ."

"ಹೇಳಲಿಲ್ಲ ಅವರು."

"ಗೊತ್ತು."

ಶಾಲೆಯಲ್ಲಿ ಏನಾದರೂ ಆಗಿತ್ತೇ? ಮನೆಯಲ್ಲಿಯೇ? ನನ್ನಿಂದಲೇ? ಅವಳು ಮುಂದಿನ ಗಾಜಿನಾಚೆ ರಸ್ತೆ ನೋಡುತ್ತಿದ್ದಳು. ನಾನೂ ಅವಳ ಮುಖ ಬಿಟ್ಟು ರಸ್ತೆಯನ್ನೇ ನೋಡಿದೆ. ಇಳಿಯುವವರೆಗೆ ಒಂದನ್ನೂ ಕೇಳಲಿಲ್ಲ. ಅಷ್ಟು ದೂರ ಬಾಯಿ ಮುಚ್ಚಿ ಮಗಳ ಪಕ್ಕದಲ್ಲಿ ಕೂರುವುದನ್ನು ಕಲಿಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಕಲಿತೆನೆಂದು ಹೇಳಲು ಹೋಗಬೇಕಾದ ಮನೆಗೆ ಆ ಬೆಳಿಗ್ಗೆಯೇ ಬೀಗ ಬಿದ್ದಿತ್ತು.