ಇನ್‌ಕ್ಯುಬೇಟರಿನೊಳಗಿನ ಕುಂಕುಮ

ನಾ ಮೂವತ್ತು ವರ್ಷ ರಕ್ತನಾಳದ ಗ್ವಾಡಿ ನೋಡೇ ಹೊಟ್ಟಿ ಹೊರಕೊಂಡಾಕಿ. ಆ ಗ್ವಾಡ್ಯಾಗಿನ ಜೀವಕೋಶ ಒಂದಕ್ಕೊಂದು ಹ್ಯಾಂಗ ಕೈ ಹಿಡಕೊಂಡು ನಿಲ್ತಾವ, ಯಾವಾಗ ಬಿಡ್ತಾವ, ಬಿಟ್ರ ರಕ್ತ ಯಾಕ ಸೋರತದ, ಇಷ್ಟ ನನ್ನ ಕೆಲಸ. ಧಾರವಾಡದ ನಮ್ಮ ಮಾಳಮಡ್ಡ್ಯಾಗ ಇದನ್ನ ಯಾರಿಗೆ ಹೇಳಿದ್ರೂ ತೋಳು ಮುಂದ ಚಾಚಿ, "ಹಂಗಾದ್ರ ಸ್ವಲ್ಪ ಬಿಪಿ ನೋಡ್ರಲಾ" ಅಂತಿದ್ರು. ದೇಶಪಾಂಡೆ ನಗರದಾಗ ಒಂದು ಮದುವ್ಯಾಗ ನಮ್ಮ ಕಾಕು ಊಟದ ಪಂಕ್ತ್ಯಾಗೇ ಸೀರಿ ಮಣಕಾಲತನಕ ಎತ್ತಿ ಉಬ್ಬಿದ ನರ ತೋರಿಸಿದ್ಲು. "ನಾ ಆ ಡಾಕ್ಟರ್ ಅಲ್ಲ" ಅಂದೆ. "ಮತ್ತ ಇಷ್ಟು ವರ್ಷ ಏನು ಕಲ್ತಿ?" ಅಂದ್ಲು.

ನಮ್ಮ ಲ್ಯಾಬಿಗೆ ಕೋಶ ಬರ್ತಿದ್ದು ಹೊಕ್ಕಳಬಳ್ಳಿಯಿಂದ. ಹೆರಿಗಿ ಆದ ಮ್ಯಾಲೆ ಅದನ್ನ ಬಿಸಾಕ್ತಾರಲಾ, ಅದರಾಗಿನ ನಾಳದ ಒಳಮೈ ತೊಳದು ಕೋಶ ಬಿಡಿಸಿ ತಟ್ಟ್ಯಾಗ ಬೆಳಸಬೇಕು. ತಾಯಂದಿರ ಒಪ್ಪಿಗಿ ತಗೊಂಡು, ಹುಬ್ಬಳ್ಳಿ ದವಾಖಾನಿಯಿಂದ ಐಸ್ ಡಬ್ಬ್ಯಾಗ ಇಟ್ಟು ಬಸ್ಸಿನ್ಯಾಗ ಅದನ್ನ ಧಾರವಾಡಕ್ಕ ತರ್ತಿದ್ದವ ನಮ್ಮ ಲ್ಯಾಬಿನ ಅಟೆಂಡರ್. ಕಂಡಕ್ಟರ್ "ಏನು ಕಾಕಾ, ಐಸ್‌ಕ್ರೀಮೇನು?" ಅಂದ್ರ "ಹೌದಪಾ" ಅಂತಿದ್ದ. ಶಿರಗುಪ್ಪಿಯವ, ಐವತ್ತು ದಾಟಿದವ, ಹದಿನಾರು ವರ್ಷದಿಂದ ಟೆಂಪರರಿ. ಆ ವರ್ಷ ಕಡೀಕೂ ಪರ್ಮನೆಂಟ್ ಮಾಡೋ ಯಾದ್ಯಾಗ ಅವನ ಹೆಸರು ಬಂದಿತ್ತು.

ಕೋಶ ಇಡೋ ಇನ್‌ಕ್ಯುಬೇಟರ್ ಅಂದ್ರ ಬೆಚ್ಚಗಿನ ಪೆಟ್ಟಿಗಿ. ಒಳಗ ಒಂದು ಕಣ ಬೂಷ್ಟು ಹೊಕ್ಕರ ಎರಡು ದಿನದಾಗ ಎಲ್ಲಾ ಸ್ವಾಹಾ. ಅಟೆಂಡರ್ ಇದಕ್ಕ ಭಾಳ ಕಟ್ಟುನಿಟ್ಟು. ಡೈರೆಕ್ಟರ್ ಸಾಹೇಬ್ರನ್ನೂ ಒಮ್ಮೆ ಚಪ್ಪಲಿ ಬಿಡಿಸಿ ಬಾಗಲದಾಗ ನಿಲ್ಲಿಸಿದ್ದ. ಸಾಹೇಬ್ರು ಅದನ್ನ ಮರ್ತಿದ್ದಿಲ್ಲ.

ಎಂಟು ತಿಂಗಳು ನನ್ನ ಕೋಶ ತಟ್ಟಿಗೆ ಹತ್ತಲೇ ಇಲ್ಲ, ತೇಲಿ ತೇಲಿ ಸಾಯ್ತಿದ್ವು. ದಸರಾದ ಹೊತ್ತಿಗೆ ಒಮ್ಮಿಗೇ ಹತ್ತಿದ್ವು. ಮೈಕ್ರೋಸ್ಕೋಪಿನ್ಯಾಗ ನೋಡಿ ನಾ ಅತ್ತೇ ಬಿಟ್ಟೆ. ಅದೇ ವಾರ ಖಂಡೇ ಪೂಜಾ, ಅಂದ್ರ ಆಯುಧ ಪೂಜಾ. ಎಲ್ಲಾ ಉಪಕರಣಕ್ಕೂ ಪೂಜಾ ಆಗಬೇಕು, ಫೋಟೋ ಕಳಸಬೇಕು ಅಂತ ಡೈರೆಕ್ಟರ್ ಹುಕುಂ. ವಿಜ್ಞಾನ ಸಂಸ್ಥಾ ನೋಡ್ರಿ! ಅಟೆಂಡರ್ ತಕ್ಕಡಿ, ಫ್ರಿಜ್, ಮೈಕ್ರೋಸ್ಕೋಪ್ ಎಲ್ಲಕ್ಕೂ ವಿಭೂತಿ ಬಳದು ಸೇವಂತಿಗಿ ಏರಿಸಿದ. "ಇನ್‌ಕ್ಯುಬೇಟರಿನ ಬಾಗಲಾ ಮಾತ್ರ ಯಾರೂ ಮುಟ್ಟಬ್ಯಾಡ್ರಿ" ಅಂತ ಹೇಳಿ, ಕಾಯಿ ಒಡ್ಯಾಕ ಅಂಗಳಕ್ಕ ಹೋದ. ಎಲ್ಲಾರೂ ಅವನ ಹಿಂದ ಹೋದ್ರು.

ನಾ ಒಬ್ಬಾಕಿನೇ ಉಳದೆ. ಹೊರಗ ಹಚ್ಚಿದ್ರ ಪೆಟ್ಟಿಗಿಗೆ ಪೂಜಾ ಆತು, ಒಳಗಿನ ಕೂಸುಗಳಿಗೆ ಏನು ಬಂತು ಅನಿಸ್ತು. ಬಾಗಲಾ ತಗದು, ತಟ್ಟಿ ಮಗ್ಗಲಕ ಒಂದು ಚಿಟಿಕಿ ಕುಂಕುಮ, ನಾಲ್ಕು ಕಾಳು ಅಕ್ಷತಿ ಇಟ್ಟು ಕೈ ಮುಗದೇ ಬಿಟ್ಟೆ. ಪಿಎಚ್‌ಡಿ ಮಾಡಿದ ಕೈರೀ ಇವು!

ಎರಡು ದಿನ ಸೂಟಿ. ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂತ ಊರೆಲ್ಲಾ ತಿರುಗಿ ಬಂದು ಬಾಗಲಾ ತಗದ್ರ ತಟ್ಟಿ ತುಂಬ ಬೂಷ್ಟು, ಅರಳಿ ಹಿಂಜಿಟ್ಟಂಗ. ಲಗೂನ ವಿಚಾರಣಾ ಸಮಿತಿ ಕೂತಿತು.

ನಾಲ್ಕು ಮಂದಿ, ಒಂದು ತಾಟು ಅವಲಕ್ಕಿ. ಪೆಟ್ಟಿಗಿ ಒಳಗ ಕುಂಕುಮ ಸಿಕ್ಕದ, ತಪ್ಪು ಅಟೆಂಡರಂದೇ ಅಂತ ಮೊದಲ ಟೈಪ್ ಆಗಿತ್ತು. ಅವನ್ನ ಕರದು, "ಪೂಜಾ ಮಾಡಿದವ ನೀನೇ ಹೌದಲ್ಲೋ?" ಅಂತ ಕೇಳಿದ್ರು. "ಹೌದ್ರಿ, ಆದ್ರ..." ಅನ್ನೋದ್ರಾಗ "ಸಾಕು, ನಡಿ ಹೊರಗ" ಅಂದ್ರು.

ನಾ ಎದ್ದು ನಿಂತೆ. "ಅಂವ ಅಲ್ರಿ. ಕುಂಕುಮ ಒಳಗ ಇಟ್ಟಾಕಿ ನಾನ."

ಅಧ್ಯಕ್ಷರು ನಕ್ರು. "ಬಾಯಾರ, ನಿಮ್ಮ ಅಂತಃಕರಣ ದೊಡ್ಡದು. ಆದ್ರ ಇಷ್ಟು ಕಲ್ತವರು ಹಿಂತಾ ಕೆಲಸ ಮಾಡ್ತಾರೇನ್ರಿ?"

"ಮಾಡೇನ್ರೀ!"

"ನಂಬೂ ಹಂಗ ಹೇಳ್ರಿ."

ಮೂರು ಸರ್ತಿ ಹೇಳಿದೆ, ಚೀರಿ ಹೇಳಿದೆ. ಆಯುಷ್ಯ ಎಲ್ಲಾ ಪುರಾವೆ ಕೊಟ್ಟ ನನಗ ನನ್ನ ತಪ್ಪು ಸಾಬೀತ ಮಾಡಾಕ ಬರಲಿಲ್ಲ. "ಕರುಣೆಯಿಂದ ಹೊಣೆ ಹೊರಲು ಮುಂದಾದರು" ಅಂತ ನನ್ನ ಬಗ್ಗೆ ಒಂದು ಸಾಲು ಸೇರಿಸಿ ಹೊಗಳಿದ್ರು.

ಆಮ್ಯಾಲೆ ಕಾಗದ ನನ್ನ ಕಡೆ ಸರಸಿದ್ರು. ಅಟೆಂಡರನ್ನ ಕೆಲಸದಿಂದ ತಗೀಬೇಕು ಅಂತಿತ್ತು, ಕೆಳಗ ಲ್ಯಾಬಿನ ಮುಖ್ಯಸ್ಥಳು ಅಂತ ನನ್ನ ಸಹಿಗೆ ಜಾಗಾ. ಯಾರೂ ಧಮಕಿ ಹಾಕಲಿಲ್ಲ. "ಊಟದ ಹೊತ್ತಾತ್ರಿ ಬಾಯಾರ" ಅಂದ್ರು, ಅಷ್ಟ. ನಾಲ್ಕೂ ಮಂದಿ ನನ್ನ ಮಾರಿ ನೋಡಾಕತ್ತಿದ್ರು. ಹೇಳೋದು ಹೇಳೇನಿ, ಇನ್ನೇನು ಮಾಡ್ಲಿ ಅಂತ ನನಗ ನಾನ ಸಮಾಧಾನ ಮಾಡಿಕೊಂಡು ಸಹಿ ಗೀಚಿದೆ. ನೆನಸಿದ್ರ ಈಗೂ ನನ್ನ ಮ್ಯಾಲೆ ನನಗ ಹೇಸಿಗಿ ಬರತದ.

ಸಂಜೀಕ ಅಂವ ಕೀಲಿಕೈ ಒಪ್ಪಿಸಾಕ ನನ್ನ ಖೋಲಿಗೆ ಬಂದ. ಕಣ್ಣು ಕೆಂಪಗಾಗಿದ್ವು.

"ಬಾಗಲದ ಹೊರಗ ನಿಂತು ಎಲ್ಲಾ ಕೇಳೇನ್ರಿ ಬಾಯಾರ. ಮೂರು ಸರ್ತಿ ಹೇಳಿದ್ರಿ. ಹದಿನಾರು ವರ್ಷದಾಗ ನನ್ನ ಸಲುವಾಗಿ ಒಬ್ಬರೂ ಹಿಂಗ ಎದ್ದು ನಿಂತಿದ್ದಿಲ್ರಿ. ಮನ್ಯಾಗ ಹೇಳ್ತೇನ್ರಿ ಇದನ್ನ" ಅಂತ ಕೈ ಮುಗದ.

ನಾ ಕುರ್ಚಿ ತೋರಿಸಿ, "ಕೂಡ್ರಿ, ಛಾ ತರಸ್ತೇನಿ" ಅಂದೆ. ಸಹಿ ಮಾಡೇನಿ ಅಂತ ಹೇಳಲಿಲ್ಲ.