ಈಜು ಕಲಿತ ಬೆಕ್ಕು

ನಾವು ವೇಣೂರಿನಲ್ಲಿದ್ದಾಗ ನಮ್ಮ ಪಕ್ಕದಲ್ಲೇ ಟೈಲರಕ್ಕನ ಅಂಗಡಿ. ಹೊಲಿಯುವಾಗಲೂ ಅವರ ಕಿವಿಯ ಮೇಲೊಂದು ಪೆನ್ಸಿಲ್ ಇರುತ್ತಿತ್ತು. ಕೈ ಬಿಡುವಾದರೆ ಅದು ಕಾಗದಕ್ಕಿಳಿಯುತ್ತಿತ್ತು. ಮಕ್ಕಳಿಗೊಂದು ಚಿತ್ರಕಥೆಯ ಪುಸ್ತಕ ಮಾಡಬೇಕೆಂಬುದು ಅವರ ಆಸೆ. "ಯಾವಾಗ ಅಕ್ಕಾ?" ಎಂದರೆ, "ಆಗ್ತದೆ ಮಾರಾಯ್ರೆ, ನೋಡುವ" ಎನ್ನುತ್ತಿದ್ದರು. ರವಿಕೆ ಯಾವಾಗ ಸಿಗುತ್ತದೆಂದು ಕೇಳಿದವರಿಗೂ ಅದೇ ಉತ್ತರ.

ಕೊನೆಗೊಮ್ಮೆ ಹೊಳೆಯ ನೀರುನಾಯಿಯ ಕಥೆ ಬರೆದು, ಚಿತ್ರ ಬಿಡಿಸಿ, ಹಾಳೆಗಳನ್ನು ಮಿಷಿನ್ನಿನಲ್ಲೇ ಹೊಲಿದು ಪುಸ್ತಕ ಮಾಡಿದರು. "ಮಕ್ಕಳಿಗೆ ಹಿಡಿಸದಿದ್ರೆ ಈ ಹುಚ್ಚು ಇಲ್ಲಿಗೇ ಬಿಟ್ಟೆ" ಎಂದು ನನ್ನನ್ನೂ ಅಂಗನವಾಡಿಗೆ ಕರೆದುಕೊಂಡು ಹೋದರು.

ಮೊದಲ ಪುಟ ತೆರೆದದ್ದೇ ತಡ, ಒಬ್ಬಳು ಪುಟ್ಟ ಹುಡುಗಿ ಕೂಗಿದಳು: "ಪುಚ್ಚೆ!" ತುಳುವಿನಲ್ಲಿ ಬೆಕ್ಕು. ಉಳಿದವರೂ "ಪುಚ್ಚೆ, ಪುಚ್ಚೆ" ಎಂದು ದನಿ ಸೇರಿಸಿದರು. ಅಕ್ಕನ ಮುಖ ಸಣ್ಣದಾಯಿತು. ಪುಸ್ತಕ ಮುಚ್ಚಿಯೇ ಬಿಡುತ್ತಾರೆ ಎಂದುಕೊಂಡೆ. ಅವರು ಕಿವಿಯ ಪೆನ್ಸಿಲನ್ನು ಮುಟ್ಟಿಕೊಂಡು ಕೇಳಿದರು: "ಹೌದಾ ಮಗಾ? ಹಾಗಾದ್ರೆ ಈ ಪುಚ್ಚೆ ನೀರಲ್ಲಿ ಎಂತ ಮಾಡ್ತಾ ಉಂಟು?"

"ಈಜು ಕಲೀತಾ ಉಂಟು. ಅದಕ್ಕೆ ಹೆದರಿಕೆ ಉಂಟು, ಆದ್ರೂ ಕಲೀತಾ ಉಂಟು."

ಅಕ್ಕ ಅಲ್ಲೇ ಚಾಪೆಯ ಮೇಲೆ ಕುಳಿತು ನೀರುನಾಯಿಯ ಕಿವಿ ಚೂಪು ಮಾಡತೊಡಗಿದರು. "ಮತ್ತೆ?" ಎಂದು ಮಕ್ಕಳನ್ನೇ ಕೇಳುತ್ತಾ ಹೋದರು.

ಆ ಬೆಕ್ಕಿನ ಪುಸ್ತಕ ಮೂಡುಬಿದಿರೆಯಲ್ಲಿ ಅಚ್ಚಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಅಂಗಡಿಯ ಗೋಡೆಯಲ್ಲಿ ಇನ್ನೊಂದು ಪ್ರಾಣಿಯ ಚಿತ್ರ ಕಾಣಿಸಿತು.

"ಇದು ಎಂತ ಅಕ್ಕಾ?" ಎಂದೆ.

"ನೀವು ಸುಮ್ಮನಿರಿ ಮಾರಾಯ್ರೆ. ಅಂಗನವಾಡಿ ಬಿಡ್ಲಿ, ಮಕ್ಕಳು ಹೇಳ್ತಾರೆ."